ಜೀಪಿನಿಂದ ಇಳಿಯದ ಮೇಡಂ

ಗುಲಾಬಿ ಅತ್ತರು ಸವರಿದ ಕರವಸ್ತ್ರ ನಮ್ಮ ಮೇಡಂ ಮೂಗಿನಿಂದ ಇಳಿದದ್ದನ್ನು ವಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ. ಬೀದರಿನ ನರ್ಸಿಂಗ್ ಕಾಲೇಜಿನಲ್ಲಿ ನಮಗೆ ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ರೋಗಿಯನ್ನು ಕೊನೆಯವರೆಗೂ ನರಳದಂತೆ ನೋಡಿಕೊಳ್ಳುವ ವಿದ್ಯೆ, ಕಲಿಸಿದವರು ಇವರೇ. ಕಲಿಸಿದರು ಎಂಬುದು ದೊಡ್ಡ ಮಾತಾಯಿತು. ಹಳೆಯ ನೋಟ್ಸ್ ಓದುತ್ತಿದ್ದರು, ನಾವು ಬರೆಯುತ್ತಿದ್ದೆವು. ರೋಗಿಯ ಕೈ ಹಿಡಿದು ಮಾತಾಡಬೇಕು ಎಂಬ ಸಾಲು ಬರೆಸುವಾಗಲೂ ತಮ್ಮ ಕೈಗೆ ಸ್ಯಾನಿಟೈಸರ್ ತಿಕ್ಕುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಒಮ್ಮೆ ಠಾಣಾ ಕುಶನೂರಿಗೆ ಮನೆಭೇಟಿಗೆ ಹೋದೆವು. ಮೇಡಂ ಜೀಪಿನಲ್ಲೇ ಕುಳಿತರು. ಒಳಗೆ ಗಂಟಲ ಕ್ಯಾನ್ಸರಿನ ಮುದುಕಿ. ನಮ್ಮ ಕಡೆ ಸಾಯುವವರ ಬಾಯಿಗೆ ಬಂದವರೆಲ್ಲ ಒಂದೊಂದು ಚಮಚ ನೀರು ಬಿಡಬೇಕು, ಇಲ್ಲದಿದ್ದರೆ ಅವರು ನೆಂಟರೇ ಅಲ್ಲ. ಸರದಿ ಬಾಗಿಲಾಚೆಗೂ ಇತ್ತು. ನುಂಗಲಾರದ ಜೀವಕ್ಕೆ ಪ್ರತಿ ಚಮಚಕ್ಕೂ ಉಸಿರು ಕಟ್ಟುತ್ತಿತ್ತು. ಓಡಿಬಂದು ಹೇಳಿದೆ. ಮೇಡಂ ಗಾಜನ್ನು ನಾಲ್ಕು ಬೆರಳು ಇಳಿಸಿದರು.

"ಅವರ ಪದ್ಧತಿಗೆ ನಾವ್ಯಾಕ ಅಡ್ಡ ಹೋಗಬೇಕ? ನೋಡಿ ಬರಕೊಂಡ ಬಾ."

ಮುದುಕಿ ಕೆಮ್ಮುತ್ತಲೇ ಜೀವ ಬಿಟ್ಟಳು. ಥೂ, ಇಂಥವರೂ ಒಬ್ಬ ಗುರುವೇ ಎಂದುಕೊಂಡೆ. ಆ ಮಾತನ್ನು ಇವತ್ತಿಗೂ ಹಿಂದೆ ತೆಗೆದುಕೊಂಡಿಲ್ಲ.

ನಾನು ನರ್ಸಾಗಿ ಅದೇ ಕೆಲಸಕ್ಕೆ ಸೇರಿ ಎಷ್ಟೋ ಕಾಲವಾದ ಮೇಲೆ ಭಾಲ್ಕಿಯಿಂದ ಮೇಡಂ ಮಗಳು ಫೋನ್ ಮಾಡಿದಳು. ಹೊಟ್ಟೆಯ ಕ್ಯಾನ್ಸರು, ನುಂಗುವ ಶಕ್ತಿ ಹೋಗಿದೆ, ಅಮ್ಮ ನಿಮ್ಮನ್ನೇ ಕರೆಸು ಅನ್ನುತ್ತಾಳೆ ಎಂದಳು. ಹೋದೆ. ಮನೆ ತುಂಬ ನೆಂಟರು, ತಟ್ಟೆಯಲ್ಲಿ ಬೆಳ್ಳಿ ಚಮಚ. ಹಾಸಿಗೆಯ ಮೇಲೆ ಅತ್ತರಿಲ್ಲದ ಮೇಡಂ. ನನ್ನ ದುಪಟ್ಟಾದ ತುದಿ ಹಿಡಿದರು.

"ಚಮಚ ಬ್ಯಾಡವ್ವ. ಅಂಜಿಕಿ ಬರ್ತದ. ನೀ ಹೇಳು ಅವರಿಗೆ."

ಪದ್ಧತಿ ಅಂತಿದ್ದಿರಲ್ಲ ಎಂಬುದು ನಾಲಗೆಯ ತುದಿಗೆ ಬಂದಿತ್ತು. ತಟ್ಟೆಯ ಚಮಚ ಎತ್ತಿ ಆಚೆ ಇಟ್ಟೆ. ಅಳಿಯ ಜಗಳಕ್ಕೇ ನಿಂತ, ನೀರು ಬಿಡದೆ ಕಳಿಸಿದರೆ ಮಂದಿ ಏನಂದಾರು ಎಂದ. ಮಂದಿಗೇನು, ಗಂಟಲು ಅವರದಲ್ಲವಲ್ಲ ಎಂದೆ. ಎಲ್ಲರ ಕೈಗೂ ಒದ್ದೆ ಹತ್ತಿ ಕೊಟ್ಟು, ತುಟಿಗಷ್ಟೇ ಒತ್ತಿಸಿದೆ. ಅವರ ಶಾಸ್ತ್ರವೂ ಮುಗಿಯಿತು. ಮರುದಿನ ಮಧ್ಯಾಹ್ನ ಮೇಡಂ ಒಂದು ಸಲವೂ ಕೆಮ್ಮದೆ ಹೋದರು.

ಈಗ ನಾನೂ ಪಾಠ ಮಾಡುತ್ತೇನೆ. ಔರಾದಿನ ಹಳ್ಳಿಗಳಿಗೆ ಹೋದಾಗ ಹತ್ತಿಯ ಡಬ್ಬಿ ಹಿಡಿದು ಜೀಪಿನಿಂದ ಮೊದಲು ಇಳಿಯುವವಳು ನಾನೇ. ಇದನ್ನು ನಿಮಗೆ ಯಾರು ಕಲಿಸಿದರು ಎಂದು ಹುಡುಗಿಯರು ಕೇಳುತ್ತಾರೆ. ಮೇಡಂ ಹೆಸರನ್ನೇ ಹೇಳುತ್ತೇನೆ, ಹಲ್ಲು ಕಡಿಯುತ್ತಲೇ.