ಧೂಳಿನ ಮಿಷನ್ನಿಗೊಂದು ಕವರು

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಮಾರುವ ಗಾಡಿಯಲ್ಲಿ. ಗಾಡಿಯವನು ಅವಳ ತಟ್ಟೆಗೆ ಕೇಳದೆಯೇ ಇನ್ನೊಂದು ಮಿರ್ಚಿ ಹಾಕಿ, "ತಿನ್ನವಾ ತಂಗಿ, ಬಿಸಿ ಅದಾವು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನಿಮ್ಗ ಖಾರ ನಡೀತೈತೇನ್ರಿ?" ಎಂದು ಕೇಳಿದ. ನಾನು ಹುಟ್ಟಿ ಬೆಳೆದದ್ದು ಆ ಗಾಡಿಯಿಂದ ಎರಡು ಬೀದಿ ಆಚೆ. ಅವಳು ಕಂಪ್ಲಿಯವಳು. ನನ್ನ ಊರಿನಲ್ಲೇ ನಾನು ಮೇಡಂ, ಅವಳು ತಂಗಿ. ತಿಂದದ್ದು ಮೈಗೆ ಹತ್ತಲಿಲ್ಲ.

ನಾವಿಬ್ಬರೂ ದೂರದ ವಿಶ್ವವಿದ್ಯಾಲಯವೊಂದರಲ್ಲಿ 'ವಿಜ್ಞಾನ, ತಂತ್ರಜ್ಞಾನ ಮತ್ತು ಸಾರ್ವಜನಿಕ ನೀತಿ' ಎಂಬ ಮಾರುದ್ದ ಹೆಸರಿನ ಸ್ನಾತಕೋತ್ತರ ಓದು ಓದುತ್ತಿದ್ದೆವು. ಸರ್ಕಾರ ಒಂದು ಯಂತ್ರವನ್ನೋ ನಿಯಮವನ್ನೋ ತಂದರೆ ಅದು ಜನರ ಕೈಗೆ ಬಂದಾಗ ಏನಾಗುತ್ತದೆ ಎಂದು ನೋಡುವ ಓದು ಅದು. ನಮ್ಮಮ್ಮ ಅದನ್ನು ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗದೆ, ಕೇಳಿದವರಿಗೆಲ್ಲ "ಐಎಎಸ್ ಇದ್ದಂಗ" ಎಂದು ಹೇಳಿ ಮುಗಿಸುತ್ತಿದ್ದಳು. ನಾನು ಎಂಜಿನಿಯರಿಂಗ್ ಮುಗಿಸಿ ಹೋದವಳು, ಇಂಗ್ಲಿಷ್ ನೀರು ಕುಡಿದಂತೆ ಬರುತ್ತಿತ್ತು. ಅವಳ ಅವ್ವ ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ಕೂಲಿ. ಅವಳ ಇಂಗ್ಲಿಷ್ ಎಡವಿ ಎಡವಿ ಬರುತ್ತಿತ್ತು. ಆದರೆ ಅವಳು ಪ್ರಶ್ನೆ ಕೇಳಲು ಎದ್ದಳೆಂದರೆ ಇಡೀ ತರಗತಿ ಪೆನ್ನು ಕೆಳಗಿಡುತ್ತಿತ್ತು.

ಒಂದು ದಿನ ಗಾಳಿಯಲ್ಲಿ ಎಷ್ಟು ಧೂಳು ಇರಬಹುದು ಎಂಬ ಮಿತಿಯ ಪಾಠ ನಡೆದಿತ್ತು. ಅವಳು ಎದ್ದು ನಿಂತು, ಈ ಮಿತಿಯನ್ನು ಯಾರ ಮೂಗಿನ ಎತ್ತರದಲ್ಲಿ ಅಳೆದದ್ದು, ನಮ್ಮವ್ವ ನೆಲದ ಮೇಲೆ ಕೂತು ಕೆಲಸ ಮಾಡುತ್ತಾಳೆ, ಎಂದು ಕೇಳಿದಳು. ನನಗೆ ಆ ಕೋಷ್ಟಕವೆಲ್ಲ ಬಾಯಿಪಾಠ. ಕೋಷ್ಟಕದ ಆ ಕಡೆ ಒಂದು ಮೂಗು ಇರುತ್ತದೆಂದು ಮಾತ್ರ ಹೊಳೆದಿರಲಿಲ್ಲ. ನಮ್ಮ ಗೈಡ್ ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ವಾರವಿಡೀ ಅಳಿಸಲೇ ಇಲ್ಲ. ನಾನು ಅದನ್ನು ದಿನಾ ನೋಡಿ ದಿನಾ ಉರಿದುಕೊಂಡೆ.

ಎರಡನೆಯ ವರ್ಷ ಹೊಟ್ಟೆಕಿಚ್ಚಿಗೆ ಗಟ್ಟಿ ಕಾರಣವೇ ಸಿಕ್ಕಿತು. ಪರಿಸರದ ನಿಯಮಗಳನ್ನು ಬರೆಯುವ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ಫೆಲೋಶಿಪ್ಪಿಗೆ ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸುತ್ತಾರೆ, ಪ್ರಬಂಧ ನೋಡಿ ತೀರ್ಮಾನ ಮಾಡುತ್ತಾರೆ ಎಂದರು ಗೈಡ್. ಉಳಿದವರು ಆಗಲೇ ಬೇರೆ ದಾರಿ ನೋಡಿಕೊಂಡಿದ್ದರು. ಕಣದಲ್ಲಿ ಉಳಿದದ್ದು ನಾವಿಬ್ಬರೇ. ಇಬ್ಬರಿಗೂ ಒಂದೇ ವಿಷಯ: ಸಂಡೂರಿನ ಕಡೆ ಅದಿರು ಲಾರಿ ಓಡಾಡುವ ರಸ್ತೆಯ ಧೂಳು. ಅಳತೆ ಮುಗಿಯುವವರೆಗೆ ಸಂಡೂರಿನಲ್ಲೇ ಇಬ್ಬರೂ ಸೇರಿ ಒಂದು ಕೋಣೆ ಹಿಡಿದೆವು.

ಧೂಳು ಅಳೆಯುವ ಮಿಷನ್ನು ಟಿಫಿನ್ ಕ್ಯಾರಿಯರ್ ಗಾತ್ರದ್ದು. ಗಾಳಿ ಎಳೆದುಕೊಂಡು ಧೂಳನ್ನು ಒಳಗಿನ ಬಿಳಿ ಕಾಗದದ ಮೇಲೆ ಹಿಡಿದಿಡುತ್ತದೆ. ವಾರಕ್ಕೊಮ್ಮೆ ಕಾಗದ ಬದಲಿಸಿ ತೂಗಬೇಕು. ನಾನು ನನ್ನದನ್ನು ರಸ್ತೆ ಪಕ್ಕದ ಲಾಡ್ಜೊಂದರ ಮಾಳಿಗೆಯ ಮೇಲೆ ಇಟ್ಟೆ, ಅಲ್ಲಿ ಕರೆಂಟಿನ ಚಿಂತೆ ಇರಲಿಲ್ಲ. ಅವಳು ಇಟ್ಟದ್ದು ಲಾರಿಗಳು ತಿರುಗುವ ಜಾಗದ ಒಂದು ಸಣ್ಣ ಮನೆಯ ಕಟ್ಟೆಯ ಮೇಲೆ. ಆ ಮನೆಯಾಕೆ ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಗೆಳತಿ ಹೋದಾಗಲೆಲ್ಲ ಆಕೆ ರೊಟ್ಟಿ ಹಾಕಿ, ತಲೆ ಬಾಚಿ, ಹಡೆದ ಮಗಳನ್ನು ಕಳಿಸಿದ ಹಾಗೆ ಕಳಿಸುತ್ತಿದ್ದಳು. ಲಾಡ್ಜಿನವರು ನನ್ನ ಮುಖ ನೋಡುವುದು ಬಿಲ್ಲು ಕೊಡುವಾಗ ಮಾತ್ರ.

ಒಂದು ವಾರ ಅವಳ ಅವ್ವನಿಗೆ ಕಣ್ಣಿನ ಆಪರೇಷನ್. ಕಂಪ್ಲಿಗೆ ಹೋಗುವ ಮುಂಚೆ, "ಈ ಒಂದು ವಾರ ನನ್ನ ಮಿಷನ್ನೂ ನೋಡ್ಕೊಂಡು ಬಾರಲೇ, ನಿನ್ನ ಬಿಟ್ರ ಯಾರಿಗೆ ಹೇಳ್ಲಿ" ಎಂದಳು. ಹೋದೆ. ಮುಂಚೆ ಫೋನ್ ಮಾಡಿರಲಿಲ್ಲ.

ಕಟ್ಟೆಯ ಮೇಲೆ ಮಿಷನ್ನು ಕಾಣಲಿಲ್ಲ. ಅದರ ಜಾಗದಲ್ಲಿ ಹಳೆಯ ಇಳಕಲ್ ಸೀರೆಯನ್ನು ಎರಡು ಪದರ ಮಾಡಿ, ಸುತ್ತ ಅಂಚು ಹಚ್ಚಿ ಹೊಲಿದ ಒಂದು ಕವರು ಇತ್ತು. ಒಳಗೆ ಏನೋ ಗುಂಯ್ ಎನ್ನುತ್ತಿತ್ತು. ನಮ್ಮ ಕಡೆ ಟಿವಿಗೆ, ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ ಹೆಂಗಸರು ಹೊಲಿದು ಹಾಕುತ್ತಾರಲ್ಲ, ಥೇಟ್ ಅಂಥದ್ದೇ.

"ಬರ್ರಿ ಮೇಡಂ, ಕುಂದ್ರಿ" ಎಂದು ಆಕೆ ಹೊರಗೆ ಬಂದಳು. "'ಭಾಳ ದುಬಾರಿ ಮಿಷನ್ನು ಅಕ್ಕ, ಜ್ವಾಕಿ' ಅಂತ ಹೇಳಿ ಹೋಗ್ಯಾಳ್ರೀ ನಮ್ಮ ಹುಡುಗಿ. ಈ ರಸ್ತ್ಯಾಗ ಧೂಳ ಏನ್ ಕೇಳ್ತೀರಿ! ಒಳಗ ಹೋಗಿ ಕೆಟ್ಟಗಿಟ್ಟೀತಂತ ನಾನ ಹೊಲಿದು ಹಾಕೀನಿ. ಆಕಿ ಬರೋ ದಿನ ತೆಗೆದು ಒರೆಸಿ ಇಡ್ತೀನಿ. ಈ ಮಿಷನ್ನು ಬರಕೊಂಡು ಹೋದ್ರ ಲಾರಿ ಬ್ಯಾರೆ ದಾರಿ ಹಿಡೀತಾವಂತಲ್ರಿ?"

ಧೂಳು ಹಿಡಿಯುವ ಯಂತ್ರಕ್ಕೆ ಧೂಳು ತಾಗದಂತೆ ಬಟ್ಟೆ ತೊಡಿಸಿದ್ದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕವರಿನ ಅಂಚು ಮುಟ್ಟಿ ನೋಡಿ, "ಛಲೋ ಮಾಡೀರಿ" ಎಂದೆ. ನನ್ನ ಬಾಯಲ್ಲಿ ಊರ ಮಾತು ಅಷ್ಟು ಸಲೀಸಾಗಿ ಬಂದದ್ದು ಅದೇ ಮೊದಲು. ಆಕೆಯ ಮುಖ ಅರಳಿತು. ಸಂಜೆ ಅವಳು ಕಂಪ್ಲಿಯಿಂದ ಫೋನ್ ಮಾಡಿ, "ಎಲ್ಲಾ ಬರೋಬರಿ ಐತೇನು?" ಎಂದಾಗ "ಐತಿ" ಎಂದೆ.

ಗೈಡ್ ಸಂಡೂರಿಗೆ ಬಂದು ಇಬ್ಬರ ಕಾಗದಗಳನ್ನೂ ಮೇಜಿನ ಮೇಲೆ ಹರಡಿದರು. ನನ್ನವು ಇಟ್ಟಿಗೆ ಕೆಂಪು. ಅವಳವು ಹೆಚ್ಚುಕಡಿಮೆ ಇಟ್ಟಾಗ ಇದ್ದ ಹಾಗೆಯೇ. ಜಾಗ ಆರಿಸಿದ್ದು ತಪ್ಪಾಗಿರಬೇಕು ಎಂದರು ಅವರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಪಂಪು ಬಿಚ್ಚಿ ನೋಡಿದಳು, ತಕ್ಕಡಿ ಬದಲಿಸಿದಳು, ಲೆಕ್ಕವನ್ನು ಮತ್ತೆ ಮತ್ತೆ ಮಾಡಿದಳು, ಊಟ ಬಿಟ್ಟಳು. ನಾನು ಚಹಾ ತಂದುಕೊಟ್ಟು, ಇಂಥವೆಲ್ಲ ಆಗುತ್ತವೆ ಎಂದು ಸಮಾಧಾನ ಹೇಳಿದೆ. ಹೀಗೆ ಆರು ವಾರ ಕಳೆಯಿತು.

ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಆ ಮನೆಗೆ ಹೋಗಿ ಬಂದಳು. ಮೂರನೆಯ ದಿನ ನಾವು ಉಳಿದಿದ್ದ ಕೋಣೆಯಲ್ಲಿ ಎದುರು ಬದುರು ಊಟಕ್ಕೆ ಕೂತಾಗ, "ಕವರು ಭಾಳ ಚಂದ ಹೊಲಿದಾಳ. ನೋಡೀಯಲ್ಲ?" ಎಂದಳು.

"ನೋಡೀನಿ" ಎಂದೆ.

ಅವಳು ತಲೆ ತಗ್ಗಿಸಿ ಊಟ ಮುಗಿಸಿದಳು. ನಾಲ್ಕು ಜನರೆದುರು ಜಾಡಿಸಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಜಗಳದಲ್ಲಿ ಅವಳನ್ನು ಸೋಲಿಸುವುದು ನನಗೆ ಕಷ್ಟವಿರಲಿಲ್ಲ.

ಅವಳು ಆ ಬಿಳಿ ಕಾಗದಗಳನ್ನು ಎಸೆಯಲಿಲ್ಲ. ಕವರು ತೆಗೆದು ಅಳೆದದ್ದು ಒಂದು ಕಡೆ, ಕವರು ಹಾಕಿ ಅಳೆದದ್ದು ಒಂದು ಕಡೆ ಇಟ್ಟುಕೊಂಡು ಪ್ರಬಂಧವನ್ನೇ ತಿರುಗಿಸಿ ಬರೆದಳು. ಸುತ್ತಲಿನ ಊರುಗಳಿಗೆ ಹೋಗಿ, ಮಕ್ಕಳನ್ನು ತೂಗುವ ಯಂತ್ರ ಗೋಣಿಚೀಲದಲ್ಲಿ ಭದ್ರವಾಗಿ ಕಟ್ಟಿಟ್ಟದ್ದನ್ನು, ನೀರು ಪರೀಕ್ಷೆಯ ಪೆಟ್ಟಿಗೆಗೆ ಬೀಗ ಹಾಕಿಟ್ಟದ್ದನ್ನು ನೋಡಿ ಬಂದಳು. ನಾವು ಯಂತ್ರ ಕೊಡುತ್ತೇವೆ, ಜೋಪಾನ ಎನ್ನುತ್ತೇವೆ, ಯಾತಕ್ಕೆಂದು ಹೇಳುವುದಿಲ್ಲ. ಜನ ಜೋಪಾನ ಮಾಡುತ್ತಾರೆ. ಇದು ಅವಳ ವಾದ. 'ಜೋಪಾನ' ಎಂದಷ್ಟೇ ಹೇಳಿ ಬಂದ ತನ್ನ ತಪ್ಪನ್ನೂ ಮೊದಲ ಪುಟದಲ್ಲೇ ಬರೆದಿದ್ದಳು. ನನ್ನ ಪ್ರಬಂಧದಲ್ಲಿ ಧೂಳು ಎಷ್ಟಿತ್ತು ಎಂದು ಇತ್ತು.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಈ ಕವರಿನ ವಿಷಯ ಮೊದಲು ಯಾರ ಕಣ್ಣಿಗೆ ಬಿತ್ತು ಎಂದು ಹೊರಗಿನ ಪರೀಕ್ಷಕರು ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. "ನಾನಿಲ್ಲದಾಗ ನನ್ನ ಗೆಳತಿ ಹೋಗಿದ್ದಳು. ಮೊದಲು ನೋಡಿದ್ದು ಅವಳೇ" ಎಂದಳು. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಮೆಚ್ಚಿಗೆಯಿಂದ ನೋಡಿದರು. ನಾನು "ಥ್ಯಾಂಕ್ಯೂ ಸರ್" ಎಂದೆ.

ಫೆಲೋಶಿಪ್ ಅವಳಿಗೆ ಬಂತು. ಹೊರಗೆ ವರಾಂಡದಲ್ಲಿ ಅವಳನ್ನು ಹಿಡಿದು ನಿಲ್ಲಿಸಿ, "ನಾ ಹೋಗಿ ಆ ಅಕ್ಕನ ಮುಂದ ತಪ್ಪಾತು ಅಂತೀನಿ" ಎಂದೆ. ಅವಳಿಗಿಂತ ಒಂದು ಕೆಲಸವನ್ನಾದರೂ ದೊಡ್ಡದು ಮಾಡಬೇಕೆಂಬ ಆಸೆಯೂ ಅದರಲ್ಲಿತ್ತು.

"ಬ್ಯಾಡ" ಎಂದಳು. "'ನನ್ನಿಂದ ಹುಡುಗಿ ಓದು ಕೆಟ್ಟಿತು' ಅಂತ ಆಕಿ ನಾ ಹೋದ ದಿನ ಅಳಾಕ ಹತ್ತಿದ್ಲು. 'ಆ ಮೇಡಂ ಛಲೋ ಮಾಡೀರಿ ಅಂದ್ರಲ್ಲ' ಅಂದ್ಲು. 'ಆಕೀಗೂ ಗೊತ್ತಿರ್ಲಿಲ್ಲಕ್ಕ, ಅಷ್ಟು ಓದಿದಾಕೀಗೆ ಗೊತ್ತಿಲ್ಲಂದ್ರ ನಿನಗ ಹ್ಯಾಂಗ ಗೊತ್ತಿರಬೇಕು' ಅಂದೆ. ಆಗ ಸುಮ್ಮನಾದ್ಲು. ಗೊತ್ತಿತ್ತು ಅಂತ ನೀ ಹೇಳಿದ್ರ ಆಕಿ ಮತ್ತ ಅಳ್ತಾಳ."

ಆದರೂ ಕಳೆದ ವರ್ಷ ಸಂಡೂರಿಗೆ ಹೋದವಳು ಆ ತಿರುವಿನಲ್ಲಿ ಇಳಿದೆ. ಆಕೆ ಗುರುತು ಹಿಡಿದಳು. ಚಹಾ ಮಾಡಿ ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

"ಮನಸಿಗೆ ಹಚ್ಕೋಬ್ಯಾಡ್ರಿ ಮೇಡಂ" ಎಂದಳು. "ಗೊತ್ತಿಲ್ಲದ ಮಾಡೀವ್ರಿ ನಾವಿಬ್ರೂ."

ನಾನು ಹೂಂ ಎಂದು ಚಹಾ ಕುಡಿದೆ.