ವಾರ್ಡಿನಲ್ಲಿ ಅತ್ತೆಯ ಕಾಲು

ತೂಕ ಇಳಿಸುವ ಆಪರೇಷನ್ ಮುಗಿದು ವಾರ್ಡಿನಲ್ಲಿ ಕಣ್ಣು ಬಿಟ್ಟರೆ, ನೇಸರಗಿಯ ಸೋದರತ್ತೆ ಸ್ಟೂಲ್ ಹತ್ತಿ ನನ್ನ ಭುಜಕ್ಕೆ ಕಾಲು ಚಾಚಿದ್ದರು! ಅವರು ಹುಟ್ಟುವಾಗ ಕಾಲು ಮೊದಲು ಬಂದಿತ್ತಂತೆ. ಅಂಥವರು ಒದ್ದರೆ ಉಳುಕು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಇಂಥ ಆಪರೇಷನ್ ಆದವರಿಗೆ ಭುಜ ನೋಯುತ್ತದೆಂದು ಯಾರೋ ಹೇಳಿದ್ದೇ ತಡ, ಬಸ್ ಹತ್ತಿ ಬಂದಿದ್ದರು.

ಅರಿವಳಿಕೆ ಡಾಕ್ಟರು ಓಡಿ ಬಂದರು. “ಇಳೀರಿ ಅವ್ವಾರ! ಅದು ಉಳುಕ ಅಲ್ರಿ, ಆಪರೇಷನ್‌ಗಂತ ನಾವ ಹೊಟ್ಟ್ಯಾಗ ತುಂಬಿದ ಗ್ಯಾಸಿಂದ ಭುಜಕ್ಕ ಬರೋ ನೋವು. ಅದು ಬರಬಾರ್ದಂತ ಅರಿವಳಿಕಿ ಕೊಡೋಮುಂದನ ಔಷಧ ಹಾಕೇನಿ.”

ನನಗೆ ಭುಜ ನೋಯುತ್ತಲೇ ಇರಲಿಲ್ಲ. ಅತ್ತೆ ಪೆಚ್ಚಾಗಿ ಇಳಿದರು. ಬಾಗಿಲವರೆಗೆ ಹೋದ ಡಾಕ್ಟರು ಸೊಂಟ ಹಿಡಿದುಕೊಂಡು ಮೆಲ್ಲಗೆ ವಾಪಸ್ ಬಂದು, ಅತ್ತೆಗೆ ಬೆನ್ನು ತೋರಿಸಿ ನಿಂತರು.

ಈಗ ಯಾರಾದರೂ ಆ ಆಸ್ಪತ್ರೆ ಹೇಗೆಂದು ಕೇಳಿದರೆ ಅತ್ತೆಯೇ ಉತ್ತರ ಕೊಡುತ್ತಾರೆ: “ಡಾಕ್ಟರ್ ಭಾಳ ಚಲೋ ಅದಾರ. ನಾನ ಒದ್ದು ನೋಡೇನಿ.”