ಚಂದ್ರಮೋಹನ್ ಮೇಷ್ಟ್ರ ಕಿವಿ

ಸುಗಟೂರಿನ ಆಚೆಗಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಚಂದ್ರಮೋಹನ್ ಮೇಷ್ಟ್ರು ಆರು ಮತ್ತು ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಕೋಲಾರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಅವರಿಗೆ ಹೆಸರು ತಂದದ್ದು ಪಾಠಕ್ಕಿಂತ ಹೆಚ್ಚಾಗಿ ಅವರು ಮಕ್ಕಳನ್ನು ಓದಿಸಿ ನೋಡುವ ರೀತಿ. ಎರಡು ತಿಂಗಳಿಗೊಮ್ಮೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಮಗುವಿನ ಕೈಗೆ ಅದು ಹಿಂದೆಂದೂ ಕಾಣದ ಪುಟ್ಟ ಕಥೆಯೊಂದನ್ನು ಕೊಟ್ಟು, ತಮ್ಮ ಪ್ರತಿಯ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ, ತಿದ್ದುತ್ತಿರಲಿಲ್ಲ. ಎಡವಿದ ಪದದ ಕೆಳಗೆ ಪೆನ್ಸಿಲಿನ ಗೆರೆ, ಅಷ್ಟೇ. ಕೊನೆಗೆ, ‘ಕಥೇಲಿ ಏನಾಯ್ತು ಹೇಳು ನೋಡೋಣ’ ಎಂಬ ಒಂದು ಪ್ರಶ್ನೆ.

ಮುಂದಿನ ಎರಡು ತಿಂಗಳ ಪಾಠ ಆ ಗೆರೆಗಳಿಂದಲೇ ಹುಟ್ಟುತ್ತಿತ್ತು. ಒಮ್ಮೆ ಮಕ್ಕಳು ಉದ್ದುದ್ದ ಪದಗಳನ್ನು ದಾಟಿ ‘ದೇರ್’, ‘ವೇರ್’ಗಳಂಥ ಚಿಕ್ಕ ಪದಗಳಲ್ಲಿ ಬೀಳುತ್ತಿರುವುದು ಗೊತ್ತಾದಾಗ, ಪಠ್ಯಪುಸ್ತಕ ಬದಿಗಿಟ್ಟು ಆ ಚಿಕ್ಕ ಪದಗಳನ್ನೇ ಆಡಿಸಿದ್ದರು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ತರಗತಿಯ ಲೆಕ್ಕವಿರಲಿಲ್ಲ. ಅಕ್ಷರದವರು, ಪದದವರು, ಕಥೆಯವರು ಎಂದು ಮೂರು ಗುಂಪು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಆ ಮಕ್ಕಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಏರಿದ ದಿನ ಮೇಷ್ಟ್ರು ಬಸ್ಸಿನಲ್ಲಿ ನಗುತ್ತಾ ಕೂತಿರುತ್ತಿದ್ದರು.

ಹಾಗೆ ಅಕ್ಷರದಿಂದ ಕಥೆಗೆ ಏರಿದವಳು ಏಳನೇ ತರಗತಿಯ ಧನಶ್ರೀ. ರೇಷ್ಮೆ ಸಾಕುವ ಮುನಿರಾಮಪ್ಪನ ಮಗಳು. ಹುಳುವಿಗೆ ಸೊಪ್ಪು ಹಾಕುತ್ತಲೇ ಇಂಗ್ಲಿಷ್ ಕಥೆ ಓದಿ, ಅದನ್ನೇ ಅಮ್ಮನಿಗೆ ತೆಲುಗಿನಲ್ಲಿ ಹೇಳುತ್ತಿದ್ದಳಂತೆ.

ಆ ವರ್ಷ ದಸರಾ ರಜೆ ಮುಗಿದ ಮೇಲೆ ಓದಿಸಿದಾಗ ಗೆರೆಗಳು ಹೆಚ್ಚಾದವು. ಎಲ್ಲರದೂ ಒಂದೇ ತಪ್ಪು. ‘ಗೋಟ್ಸ್’ ಎಂದಿರುವಲ್ಲಿ ‘ಗೋಟ್’, ‘ಫಿಶ್’ ಎಂದಿರುವಲ್ಲಿ ಬರೀ ‘ಫಿ’. ರಜೆಯಲ್ಲಿ ಮಕ್ಕಳು ಪದದ ಕೊನೆ ನುಂಗುವ ಚಾಳಿ ಕಲಿತಿದ್ದಾರೆ ಎಂದುಕೊಂಡರು ಮೇಷ್ಟ್ರು. ಧನಶ್ರೀಯ ಹಾಳೆಯಲ್ಲೂ ಗೆರೆಯೋ ಗೆರೆ. ಅವಳನ್ನು ಕಥೆಯವರಿಂದ ಪದದವರ ಗುಂಪಿಗೆ ಇಳಿಸಿದರು.

“ಸಾರ್, ನಾನು ಸರಿಯಾಗೇ ಓದ್ದೆ ಸಾರ್.”

“ಕೊನೇನ ನುಂಗ್ತಿದೀಯ ಕಣೇ. ಸ್ವಲ್ಪ ದಿನ ಅಷ್ಟೇ, ಮತ್ತೆ ಮೇಲಕ್ಕೆ ಹೋಗ್ತೀಯ.”

ಹುಡುಗಿ ಆರನೇ ತರಗತಿಯವರ ನಡುವೆ ಹೋಗಿ ಕೂತಳು. ಮೇಷ್ಟ್ರು ಪದಗಳ ಕೊನೆಯನ್ನು ಒತ್ತಿ ಒತ್ತಿ ಹೇಳಿಸಿದರು. ಅಷ್ಟು ಕಲಿಸಿಯೂ ಡಿಸೆಂಬರಿನಲ್ಲಿ ಓದಿಸಿದಾಗ ಗೆರೆ ಇನ್ನೂ ಹೆಚ್ಚಾಗಿತ್ತು. ಅಂದು ಗಣಿತದ ರಮ್ಯ ಟೀಚರ್ ಅದೇ ಜಗಲಿಯಲ್ಲಿ ಕೂತು ಪುಸ್ತಕ ತಿದ್ದುತ್ತಿದ್ದರು. ಧನಶ್ರೀ ಓದಿ ಮುಗಿಸಿ ಒಳಗೆ ಹೋದ ಮೇಲೆ ಆಕೆ ಮೇಷ್ಟ್ರ ಹಾಳೆಯತ್ತ ನೋಡಿ ಅನುಮಾನಿಸುತ್ತಾ ಕೇಳಿದರು:

“ಸಾರ್, ಇದಕ್ಕೆ ಯಾಕೆ ಗೆರೆ ಎಳೆದಿದೀರಾ? ಸರಿಯಾಗೇ ಹೇಳಿದ್ಲಲ್ಲ.”

“ಎಲ್ಲಿ ಹೇಳಿದ್ಲು?”

ರಮ್ಯ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಪದಗಳನ್ನು ಒಂದೊಂದಾಗಿ ಓದಿದರು. ಮೇಷ್ಟ್ರು ಕೇಳಿಸಿದಂತೆ ತಿರುಗಿ ಹೇಳಿದರು. ನಾಲ್ಕೈದು ಪದಗಳಾದ ಮೇಲೆ ರಮ್ಯ ಹಾಳೆ ಇಳಿಸಿದರು. ಆಕೆಯ ಮುಖ ನೋಡಿದ ಮೇಲೆ ಮೇಷ್ಟ್ರಿಗೆ ಯಾರೂ ಬೇರೇನೂ ಹೇಳಬೇಕಾಗಲಿಲ್ಲ.

ಕೋಲಾರದಲ್ಲಿ ಕಿವಿಯ ಡಾಕ್ಟರ ಬಳಿ ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮಿಷನ್ ಇನ್ನೂ ಶುರುವಾಗಿಲ್ಲವೇನೋ ಎಂದು ಗಾಜಿನಾಚೆ ನೋಡಿದರೆ, ಪರೀಕ್ಷೆ ಮಾಡುತ್ತಿದ್ದ ಹುಡುಗಿ ಒಂದರ ಮೇಲೊಂದು ಸದ್ದು ಕಳಿಸುತ್ತಲೇ ಇದ್ದಳು. ಮೇಷ್ಟ್ರ ಬೆರಳು ಗುಂಡಿಯ ಮೇಲೆ ಸುಮ್ಮನಿತ್ತು.

“ದಪ್ಪ ಸದ್ದು ಕೇಳುತ್ತೆ, ಸಣ್ಣ ಸದ್ದು ಹೋಗಿದೆ. ಸ, ಶ, ಇಂಥವು,” ಎಂದರು ಡಾಕ್ಟರು. “ಕಿವಿಗೆ ಮಿಷನ್ ಹಾಕ್ಕೊಂಡ್ರೆ ಸ್ವಲ್ಪ ಅನುಕೂಲ. ಹೋಗಿದ್ದು ವಾಪಸ್ ಬರಲ್ಲ.”

ಮಿಷನ್ ಹಾಕಿಕೊಂಡ ಮೇಲೆ ಫ್ಯಾನು, ಬೆಂಚು ಎಳೆಯುವ ಸದ್ದು, ಊಟದ ತಟ್ಟೆ ಎಲ್ಲವೂ ಕಿವಿಗೆ ರಾಚಿದವು. ಮಕ್ಕಳ ಓದು ಮಾತ್ರ ಮಸುಕಾಗಿಯೇ ಉಳಿಯಿತು. ಮೇಷ್ಟ್ರು ತರಗತಿಯ ಮುಂದೆ ನಿಂತು, “ತಪ್ಪು ನಿಮ್ದಲ್ಲ ಮಕ್ಳೆ, ನನ್ನ ಕಿವೀದು,” ಎಂದರು. ಮಕ್ಕಳು ತಲೆ ತಗ್ಗಿಸಿ ಕೂತರು. ಧನಶ್ರೀಯನ್ನು ಕಥೆಯವರ ಗುಂಪಿಗೆ ಕರೆದರೆ, “ಇಲ್ಲೇ ಇರ್ತೀನಿ ಸಾರ್,” ಎಂದಳು. ಅವರೇ ಕೈ ಹಿಡಿದು ಕರೆದೊಯ್ದು ಕೂರಿಸಿದರು.

ಫೆಬ್ರವರಿ ಕೊನೆಯಲ್ಲಿ ಓದು ಕೇಳಿಸಿಕೊಂಡವರು ರಮ್ಯ. ಧನಶ್ರೀಯ ಹಾಳೆಯಲ್ಲಿ ಒಂದು ಗೆರೆಯೂ ಇರಲಿಲ್ಲ. ಆದರೆ ರಮ್ಯ ಖುಷಿಯಿಂದ ಹೇಳಲಿಲ್ಲ.

“ಒಂದೊಂದು ಪದಾನೂ ಒತ್ತಿ ಒತ್ತಿ ಓದ್ತಾಳೆ ಸಾರ್, ಕಲ್ಲು ಹೊತ್ತ ಹಾಗೆ. ಕಥೇಲಿ ಏನಾಯ್ತು ಅಂದ್ರೆ ಗೊತ್ತಿಲ್ಲ ಅಂದ್ಲು.”

ಹಾಗೆ ಓದಲು ಕಲಿಸಿದವರು ತಾವೇ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅಂದು ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ಮರುದಿನದಿಂದ ಅವಳನ್ನು ಓದಿಸುವುದನ್ನೇ ಬಿಟ್ಟು, ತಾವು ಕಥೆ ಓದಿ ಹೇಳತೊಡಗಿದರು. ಅವಳು ವಿಧೇಯಳಾಗಿ ಕೇಳುತ್ತಿದ್ದಳು. ಮೊದಲಿನಂತೆ ‘ಆಮೇಲೆ ಸಾರ್?’ ಎಂದು ಕೇಳಲಿಲ್ಲ. ಅದಕ್ಕೆಲ್ಲ ಇನ್ನೂ ಕಾಲ ಬೇಕಿತ್ತು. ಶಾಲೆ ಇದ್ದದ್ದು ಏಳನೆಯ ತನಕ ಮಾತ್ರ.

ಏಪ್ರಿಲಿನಲ್ಲಿ ಮುನಿರಾಮಪ್ಪ ಮಗಳೊಂದಿಗೆ ಟಿ.ಸಿ. ತೆಗೆದುಕೊಳ್ಳಲು ಬಂದ.

“ಕನ್ನಡ ಚೆನ್ನಾಗಿ ಓದ್ತಾಳೆ ಸಾರ್. ಇಂಗ್ಲಿಷ್ ನನ್ ಕೈಲಿ ಆಗಲ್ಲ ಅಂತಾಳೆ.”

“ಆಗುತ್ತೆ ಮುನಿರಾಮಪ್ಪ. ಅವಳು ಸರಿಯಾಗೇ ಓದ್ತಿದ್ಲು. ನಂಗೆ ಕೇಳಿಸ್ಲಿಲ್ಲ.”

“ಆಯ್ತು ಸಾರ್, ಆಯ್ತು,” ಎಂದು ಮುನಿರಾಮಪ್ಪ ಗಟ್ಟಿಯಾಗಿ, ಕಿವುಡರಿಗೆ ಹೇಳುವಂತೆ ಹೇಳಿ ಗೇಟಿನತ್ತ ಹೊರಟ.

ಅವನ ಹಿಂದೆ ಹೋಗುತ್ತಿದ್ದ ಧನಶ್ರೀ ತಿರುಗಿ ನಿಂತು, ನೆಲ ನೋಡುತ್ತಾ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು. ಮೇಷ್ಟ್ರು ಕಿವಿಯ ಮಿಷನ್ನಿಗೆ ಬೆರಳೊತ್ತಿ ಎರಡು ಹೆಜ್ಜೆ ಮುಂದೆ ಬಂದರು.

“ಏನಂದೆ ಮಗಾ? ಇನ್ನೊಂದ್ಸಲ ಹೇಳು.”

ಅವಳು ಅವರ ಮುಖವನ್ನೇ ನೋಡಿದಳು.

“ಏನಿಲ್ಲ ಸಾರ್,” ಎಂದಳು. ಅದು ಕೇಳಿಸಿತು. ಆಮೇಲೆ ಅಪ್ಪನ ಹಿಂದೆ ಓಡಿದಳು.